ಹೆದರಿಕೆ ಮೊದಲು, ಸುದ್ದಿ ಆಮೇಲೆ

1934ರ ಜನವರಿ 15, ಸೋಮವಾರ. ಸಂಕ್ರಾಂತಿಯ ಮರುದಿನ, ಜೊತೆಗೆ ಅಮಾವಾಸ್ಯೆ. ಉತ್ತರ ಬಿಹಾರದಲ್ಲಿ ಗಂಗಾಸ್ನಾನಕ್ಕೆ ಹೋಗುವವರ ದಿನ. ಮಧ್ಯಾಹ್ನ 2 ಗಂಟೆ 13 ನಿಮಿಷಕ್ಕೆ ನೆಲ ನಡುಗಿತು. ನಡುಕದ ಮೂಲ ಇದ್ದದ್ದು ನೇಪಾಳದ ಪೂರ್ವಭಾಗದಲ್ಲಿ. ಆದರೆ ಲ್ಹಾಸಾದಿಂದ ಮುಂಬಯಿಯವರೆಗೆ, ಅಸ್ಸಾಮಿನಿಂದ ಪಂಜಾಬಿನವರೆಗೆ ಜನರಿಗೆ ಅದು ಗೊತ್ತಾಯಿತು. ಮುಂಗೇರ್ ಮತ್ತು ಮುಜಫರಪುರ ಪಟ್ಟಣಗಳು ಇಟ್ಟಿಗೆಯ ರಾಶಿಗಳಾದವು. ಹೊಲಗಳಲ್ಲಿ ನೆಲ ಬಿರಿದು ಒಳಗಿನ ಮರಳು ನೀರಿನ ಜೊತೆ ಕಾರಂಜಿಯಂತೆ ಚಿಮ್ಮಿತು. ಬಾವಿಗಳು ಮರಳಿನಿಂದ ಹೂತುಹೋದವು. ಬಿಹಾರ, ನೇಪಾಳ ಎರಡೂ ಸೇರಿ ಸತ್ತವರು 10,000ಕ್ಕೂ ಹೆಚ್ಚು.

ಇದು ಭೂಗರ್ಭಶಾಸ್ತ್ರದ ಕಥೆ. ನಾನು ಹೇಳಹೊರಟಿರುವುದು ಅದರ ನಂತರದ ಕಥೆ. ನಡುಕ ನಿಂತ ಮೇಲೆ ಪಟ್ನಾ ಮತ್ತು ಸುತ್ತಲಿನ ಊರುಗಳಲ್ಲಿ ಇನ್ನೊಂದು ಬಗೆಯ ನಡುಕ ಶುರುವಾಯಿತು. 18-19ನೇ ತಾರೀಖಿನ ನಡುವೆ ಪಟ್ನಾಕ್ಕೆ ಭಾರೀ ಚಂಡಮಾರುತ ಬರುತ್ತದಂತೆ. ನೇಪಾಳದ ಗಡಿಯಿಂದ ಪ್ರವಾಹ ಮಧುಬನಿಯ ಕಡೆ ನುಗ್ಗಿ ಬರುತ್ತಿದೆಯಂತೆ. ಭೂಕಂಪದ ಹೊತ್ತಿಗೆ ಗಂಗೆಯ ನೀರೇ ಮಾಯವಾಗಿ, ಮೀಯುತ್ತಿದ್ದವರು ಮರಳಿನಲ್ಲಿ ಹೂತುಹೋದರಂತೆ. ಜನವರಿ 23 ಬಹಳ ಕೆಟ್ಟ ದಿನವಂತೆ. ಹದಿನೈದು ದಿನಕ್ಕೆ ಚಂದ್ರಗ್ರಹಣವಲ್ಲವೇ, ಆವತ್ತು ಇದಕ್ಕಿಂತ ದೊಡ್ಡ ಭೂಕಂಪವಂತೆ. ಅದನ್ನೂ ದಾಟಿ ಉಳಿದವರಿಗೆ ಫೆಬ್ರವರಿ 26ಕ್ಕೆ ಪ್ರಳಯವೇ ಆಗಿಬಿಡುತ್ತದಂತೆ! ಕನ್ನಡದಲ್ಲಿ ಈ ‘ಅಂತೆ’ ಎಂಬ ಎರಡಕ್ಷರದ ಪ್ರತ್ಯಯ ಎಷ್ಟು ಅನುಕೂಲದ್ದು ನೋಡಿ. ಸುದ್ದಿಯೂ ಮುಂದೆ ಹೋಗುತ್ತದೆ, ಹೇಳಿದವನ ತಲೆಯ ಮೇಲೆ ಹೊಣೆಯೂ ಬೀಳುವುದಿಲ್ಲ.

ಇಂಥ ಮಾತುಗಳು ಪ್ರತಿಯೊಂದು ದೊಡ್ಡ ಆಪತ್ತಿನ ನಂತರವೂ ಹುಟ್ಟುತ್ತವೆ, ಒಂದೆರಡು ತಿಂಗಳಲ್ಲಿ ಸತ್ತು ಮಣ್ಣಾಗುತ್ತವೆ. ಬಿಹಾರದವು ಮಾತ್ರ ಹಾಗೆ ಮಣ್ಣಾಗಲಿಲ್ಲ. ಅದಕ್ಕೆ ಕಾರಣ ಜಮುನಾ ಪ್ರಸಾದ್ ಎಂಬ ಮನೋವಿಜ್ಞಾನಿ. ಎಲ್ಲರೂ ವದಂತಿಗಳನ್ನು ಕೇಳಿ ಹೆದರುತ್ತಿದ್ದಾಗ, ಅಥವಾ ಕೇಳಿ ನಗುತ್ತಿದ್ದಾಗ, ಅವರು ಕೇಳಿ ಬರೆದಿಟ್ಟುಕೊಂಡರು. ಆ ಸಂಗ್ರಹವನ್ನು ಆಧರಿಸಿದ ಅವರ ಪ್ರಬಂಧ 1935ರಲ್ಲಿ ಬ್ರಿಟನ್ನಿನ ಮನೋವಿಜ್ಞಾನದ ಪ್ರತಿಷ್ಠಿತ ಪತ್ರಿಕೆಯಲ್ಲಿ ಅಚ್ಚಾಯಿತು. ವದಂತಿಯ ಬಗ್ಗೆ ಶಾಸ್ತ್ರೀಯವಾಗಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು. ಅಮೆರಿಕದ ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ವದಂತಿಯ ಮನೋವಿಜ್ಞಾನದ ಮೇಲೆ ಪುಸ್ತಕ ತಂದದ್ದು ಅದಾದ ಹನ್ನೆರಡು ವರ್ಷಕ್ಕೆ, 1947ರಲ್ಲಿ.

ವದಂತಿ ಹುಟ್ಟಬೇಕಾದರೆ ಎಂಥ ಸನ್ನಿವೇಶ ಬೇಕು ಎಂದು ಪ್ರಸಾದ್ ಕೇಳಿಕೊಂಡರು. ಮನಸ್ಸು ಕದಡಿರಬೇಕು. ನಡೆದದ್ದು ದಿನನಿತ್ಯ ನಡೆಯುವಂಥದ್ದಾಗಿರಬಾರದು. ಅದರಲ್ಲಿ ತಿಳಿಯದ ಭಾಗ ಬಹಳವಿರಬೇಕು, ಹೋಗಿ ನೋಡಿ ಖಚಿತ ಮಾಡಿಕೊಳ್ಳಲು ದಾರಿ ಇರಬಾರದು. ಮತ್ತು ಅದು ಒಬ್ಬನ ಮನೆಯ ವಿಷಯವಾಗಿರದೆ ಊರಿಗೆಲ್ಲ ಸಂಬಂಧಿಸಿದ್ದಾಗಿರಬೇಕು. ಭೂಕಂಪದಲ್ಲಿ ಇವೆಲ್ಲ ಒಟ್ಟಿಗೇ ಸಿಗುತ್ತವೆ. ವದಂತಿಯನ್ನು ಸುಳ್ಳರ ಕಸುಬು ಎಂದು ತಳ್ಳಿಹಾಕದೆ, ಗುಂಪು ತನಗೆ ಅರ್ಥವಾಗದ್ದನ್ನು ಅರ್ಥ ಮಾಡಿಕೊಳ್ಳುವ ಪರಿ ಎಂದು ಅವರು ಕಂಡರು. ಇದು ಆ ಪ್ರಬಂಧದ ದೊಡ್ಡಗುಣ. ಮುಂದೆ 1950ರಲ್ಲಿ ಹಿಂದಿನ ಕಾಲದ ಭೂಕಂಪಗಳ ವದಂತಿಗಳನ್ನೂ ತೆಗೆದು ಹೋಲಿಸಿದಾಗ, ಅವೂ ಹೆಚ್ಚುಕಡಿಮೆ ಇದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು.

ಆದರೆ ಒಂದು ಪ್ರಶ್ನೆ ಹಾಗೆಯೇ ಉಳಿಯಿತು. ಆಪತ್ತು ಮುಗಿದಿದೆ, ಜೀವ ಉಳಿದಿದೆ. ಅಂಥ ಹೊತ್ತಿನಲ್ಲಿ ಮನುಷ್ಯ ಬಯಸಬೇಕಾದದ್ದು ಸಮಾಧಾನವನ್ನು. ಹಾಗಿರುವಾಗ ‘ಇನ್ನೂ ದೊಡ್ಡದು ಬರುತ್ತದೆ’ ಎಂಬ ಮಾತನ್ನು ಆತ ಏಕೆ ನಂಬುತ್ತಾನೆ? ನಂಬುವುದಿರಲಿ, ಪಕ್ಕದ ಮನೆಗೆ ಓಡಿಹೋಗಿ ಏಕೆ ಹೇಳುತ್ತಾನೆ? ಹೆದರಿದವರ ಮೇಲೆ ಕಪ್ಪೆ ಎಸೆದರಂತೆ ಎಂದು ನಮ್ಮಲ್ಲಿ ಗಾದೆಯಿದೆ. ಇಲ್ಲಿ ಹೆದರಿದವರು ತಾವೇ ಕಪ್ಪೆ ಹುಡುಕಿ ತಂದು ಮೈಮೇಲೆ ಹಾಕಿಕೊಳ್ಳುತ್ತಿದ್ದಾರೆ.

ಇದು ಬಿಹಾರದವರಿಗೆ ಮಾತ್ರ ಅಂಟಿದ ರೋಗವಲ್ಲ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಅಮೆರಿಕದಲ್ಲಿ ರಾಬರ್ಟ್ ನ್ಯಾಪ್ ಎಂಬಾತ ಸಾವಿರಕ್ಕೂ ಹೆಚ್ಚು ವದಂತಿಗಳನ್ನು ಕಲೆಹಾಕಿ ವಿಂಗಡಿಸಿದ. ಯುದ್ಧ ನಾಳೆಯೇ ಮುಗಿಯುತ್ತದಂತೆ ಎಂಬಂಥ ಸಿಹಿ ವದಂತಿಗಳು ನೂರಕ್ಕೆ ಎರಡರಷ್ಟೂ ಸರಿಯಾಗಿ ಇರಲಿಲ್ಲ. ನಾಲ್ಕರಲ್ಲೊಂದು ಪಾಲು ಹೆದರಿಕೆಯವು. ಉಳಿದ ದೊಡ್ಡ ಪಾಲು, ಸುಮಾರು ಮೂರರಲ್ಲಿ ಎರಡರಷ್ಟು, ಯಾರನ್ನೋ ದ್ವೇಷಿಸುವಂಥವು. ಸಿಹಿಸುದ್ದಿಗೆ ಕಾಲು ಕಡಿಮೆ ಎಂದು ಅಂದಿನ ಲೆಕ್ಕವೇ ಹೇಳುತ್ತದೆ.

ಬಿಹಾರಕ್ಕೆ ಮರಳೋಣ. ನಡುಗಿದ ನೆಲಕ್ಕೆ ಕಾರಣ ಹುಡುಕಿದವರು ಪಟ್ನಾದ ಓಣಿಗಳ ಜನ ಮಾತ್ರವಲ್ಲ. ಗಾಂಧೀಜಿ ಆಗ ಹರಿಜನ ಪ್ರವಾಸದಲ್ಲಿ ದಕ್ಷಿಣದಲ್ಲಿದ್ದರು. ಈ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಅವರು ತಿರುನೆಲ್ವೇಲಿಯಲ್ಲಿ ಹೇಳಿದರು. ರವೀಂದ್ರನಾಥ ಠಾಕೂರರು ಅಸ್ಪೃಶ್ಯತೆಯನ್ನು ಗಾಂಧೀಜಿಯಷ್ಟೇ ವಿರೋಧಿಸುತ್ತಿದ್ದವರು. ಆದರೂ ಈ ಮಾತನ್ನು ಒಪ್ಪದೆ, ಭೌತಿಕ ಘಟನೆಗೆ ಭೌತಿಕ ಕಾರಣವೇ ಇರಬೇಕು ಎಂದು ಬರೆದರು. ಗಾಂಧೀಜಿ ಆ ಟೀಕೆಯನ್ನು 1934ರ ಫೆಬ್ರವರಿ 16ರ ‘ಹರಿಜನ’ ಪತ್ರಿಕೆಯಲ್ಲಿ ತಾವೇ ಅಚ್ಚುಹಾಕಿ, ತಮ್ಮ ಉತ್ತರವನ್ನೂ ಜೊತೆಗಿಟ್ಟರು. ಗಾಂಧೀಜಿಯ ಮಾತನ್ನು ವದಂತಿಯ ಸಾಲಿಗೆ ಸೇರಿಸಲು ನಾನು ಹೊರಟಿಲ್ಲ. ಆದರೆ ಇಷ್ಟು ದೊಡ್ಡ ನಡುಕಕ್ಕೆ ಅಷ್ಟೇ ದೊಡ್ಡ ಅರ್ಥವೊಂದು ಇರಲೇಬೇಕು ಎಂಬ ಹಂಬಲ ಮಹಾತ್ಮರನ್ನೂ ಬಿಡಲಿಲ್ಲ ಎಂಬುದನ್ನು ಗಮನಿಸದೆ ಇರಲಾಗದು.

ಹದಿನಾರು ವರ್ಷಗಳ ನಂತರ, 1950ರ ಜೂನ್‌ನಲ್ಲಿ, ಡಾರ್ಜಿಲಿಂಗಿನಲ್ಲಿ ಭಾರೀ ಮಳೆಗೆ ಗುಡ್ಡಗಳು ಕುಸಿದವು. ಮನೆಗಳು ಕೊಚ್ಚಿಹೋದವು, ರಸ್ತೆಗಳು ಕಡಿದವು, ಜನ ಸತ್ತರು. ಅಲ್ಲಿ ಹಬ್ಬಿದ ಸುದ್ದಿಗಳನ್ನು ಅಧ್ಯಯನ ಮಾಡಿದವರು ದುರ್ಗಾನಂದ ಸಿನ್ಹಾ. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿ ಬೆಳೆಸಿದವರು ಇವರೇ. ಸಿನ್ಹಾ ಅವರ ಪ್ರಬಂಧ 1952ರಲ್ಲಿ ಅದೇ ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಡಾರ್ಜಿಲಿಂಗಿನಲ್ಲೂ ಆತಂಕವಿತ್ತು, ಅನಿಶ್ಚಯವಿತ್ತು, ಸುದ್ದಿಗಳೂ ಇದ್ದವು. ಆದರೆ ಬಿಹಾರದ ಆ ವಿಶೇಷ ಬಗೆಯ ಮಾತುಗಳು, ಇನ್ನೂ ಘೋರವಾದದ್ದು ಬರಲಿದೆ, ಇಂಥ ತಾರೀಖಿಗೆ ಪ್ರಳಯ ಎಂಬಂಥವು, ಸಿನ್ಹಾ ಅವರಿಗೆ ಅಲ್ಲಿ ಸಿಗಲಿಲ್ಲ.

ಇವೆರಡೂ ಪ್ರಬಂಧಗಳು ಕಪಾಟಿನಲ್ಲಿ ಒಂದರ ಪಕ್ಕ ಒಂದು ಸುಮ್ಮನೆ ಕೂತಿರಬಹುದಿತ್ತು. 1950ರ ದಶಕದ ಮೊದಲ ವರ್ಷಗಳಲ್ಲಿ ಅವನ್ನು ಜೋಡಿಸಿ ಓದಿದವನು ಅಮೆರಿಕದ ಲಿಯಾನ್ ಫೆಸ್ಟಿಂಗರ್. ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿದ್ದ ಈತನಿಗೆ, ಸುದ್ದಿ ಹೇಗೆ ಹರಡುತ್ತದೆ, ಜನ ಒಬ್ಬರನ್ನೊಬ್ಬರು ಹೇಗೆ ಪ್ರಭಾವಿಸುತ್ತಾರೆ ಎಂಬುದರ ಬಗ್ಗೆ ಅಲ್ಲಿಯವರೆಗೆ ನಡೆದ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸುವ ಕೆಲಸ ಬಂದಿತ್ತು. ಫೋರ್ಡ್ ಪ್ರತಿಷ್ಠಾನದ ಹಣ. ರಾಶಿ ರಾಶಿ ಪ್ರಬಂಧಗಳ ನಡುವೆ ಆತನ ಕಣ್ಣು ನಿಂತದ್ದು ಜಮುನಾ ಪ್ರಸಾದರ ವದಂತಿಪಟ್ಟಿಯ ಮೇಲೆ. ನಾವು ಮೇಲೆ ಕೇಳಿದ ಪ್ರಶ್ನೆಯೇ ಆತನನ್ನೂ ಕಾಡಿತು: ಹೆದರಿಸುವ ಸುದ್ದಿಯನ್ನು ಜನ ಏಕೆ ಇಷ್ಟು ಆಸೆಯಿಂದ ಹರಡುತ್ತಾರೆ?

ಫೆಸ್ಟಿಂಗರ್ ಮಾಡಿದ್ದು ಪ್ರಶ್ನೆಯನ್ನೇ ತಿರುವಿ ಹಾಕಿದ್ದು. ಆ ಸುದ್ದಿಗಳು ಹೆದರಿಕೆ ಹುಟ್ಟಿಸುವಂಥವು ಎಂದು ನಾವೇ ಊಹಿಸಿಕೊಂಡಿದ್ದೇವೆ. ಹಾಗಿಲ್ಲದಿದ್ದರೆ? ಹೆದರಿಕೆ ಆಗಲೇ ಹುಟ್ಟಿ ಕೂತಿದ್ದು, ಸುದ್ದಿ ಅದಕ್ಕೊಂದು ಕಾರಣ ಒದಗಿಸುತ್ತಿದ್ದರೆ? ಪಟ್ನಾದ ಕಡೆಯ ಬಹುಪಾಲು ಜನ ನೆಲ ನಡುಗಿದ್ದನ್ನು ಮೈಯಲ್ಲಿ ಅನುಭವಿಸಿದ್ದರು. ಆದರೆ ಮುಂಗೇರಿನವರಂತೆ ಮನೆ ಮಠ ಕಳೆದುಕೊಂಡಿರಲಿಲ್ಲ. ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ. ಕಣ್ಣು ಸುತ್ತ ನೋಡಿದರೆ ಎಲ್ಲ ನೆಟ್ಟಗೇ ಇದೆ. ಹಾಗಾದರೆ ನಾನೇಕೆ ನಡುಗುತ್ತಿದ್ದೇನೆ? ‘ಬರುವ ಗ್ರಹಣಕ್ಕೆ ಇನ್ನೂ ದೊಡ್ಡದು ಕಾದಿದೆ’ ಎಂದು ಯಾರಾದರೂ ಹೇಳಿದರೆ ಆ ನಡುಕಕ್ಕೆ ನ್ಯಾಯ ಸಿಕ್ಕಿತು. ನಾನು ಪುಕ್ಕಲನಲ್ಲ, ಹೆದರುವಂಥದ್ದು ಇದೆ, ಅದಕ್ಕೇ ಹೆದರಿದ್ದೇನೆ. ಡಾರ್ಜಿಲಿಂಗಿನವರಿಗೆ ಇಂಥ ಸುದ್ದಿಯ ಅಗತ್ಯ ಬೀಳಲಿಲ್ಲ. ಅವರ ಭಯಕ್ಕೆ ಕಾರಣ ಕಣ್ಣೆದುರಿಗೇ ಕುಸಿದು ಬಿದ್ದಿತ್ತು.

ಇದು ಸಂಕೀರ್ಣವಾಗಿ ಕಂಡರೆ, ಅಪರಾತ್ರಿಯಲ್ಲಿ ಕೆಟ್ಟ ಕನಸಿನಿಂದ ಎಚ್ಚರವಾದ ಗಳಿಗೆಯನ್ನು ನೆನಪಿಸಿಕೊಳ್ಳಿ. ಕನಸು ಏನೆಂಬುದು ಮರೆತಿರುತ್ತದೆ, ಎದೆಬಡಿತ ಮಾತ್ರ ಉಳಿದಿರುತ್ತದೆ. ಆಗ ಹಿತ್ತಲಲ್ಲಿ ಒಂದು ತೆಂಗಿನ ಗರಿ ಅಲುಗಿದರೂ ಸಾಕು, ಕಳ್ಳ ಬಂದನೆಂದೇ ಲೆಕ್ಕ. ದಿನವೂ ಅಲುಗುವ ಗರಿಯೇ ಅದು. ಆ ರಾತ್ರಿ ಎದೆಬಡಿತಕ್ಕೆ ಒಂದು ಕಾರಣ ಬೇಕಾಗಿತ್ತು, ಗರಿ ಒದಗಿತು.

ಹೀಗೆ ಮನಸ್ಸಿನಲ್ಲಿ ಒಂದಕ್ಕೊಂದು ಹೊಂದದ ಎರಡು ಸಂಗತಿಗಳು ಒಟ್ಟಿಗಿದ್ದಾಗ ಆಗುವ ಕಸಿವಿಸಿಗೆ ಫೆಸ್ಟಿಂಗರ್ ‘ಕಾಗ್ನಿಟಿವ್ ಡಿಸೊನೆನ್ಸ್’ ಎಂದು ಹೆಸರಿಟ್ಟ. ಡಿಸೊನೆನ್ಸ್ ಸಂಗೀತದ ಮಾತು. ಕನ್ನಡದಲ್ಲಿ ‘ಅರಿವಿನ ಅಪಸ್ವರ’ ಎನ್ನಬಹುದೇನೋ. ಅಪಸ್ವರ ಕೇಳಿದ ಕಿವಿ ಸುಮ್ಮನಿರದು. ಶ್ರುತಿ ಸರಿಪಡಿಸಲು ಒದ್ದಾಡುತ್ತದೆ. ಮನಸ್ಸೂ ಹಾಗೆಯೇ. ಎರಡರಲ್ಲಿ ಒಂದನ್ನು ಬದಲಿಸಿಯೋ, ಮೂರನೆಯದೊಂದನ್ನು ಸೇರಿಸಿಯೋ ಹೊಂದಾಣಿಕೆ ಮಾಡಿಕೊಳ್ಳುತ್ತದೆ. 1957ರಲ್ಲಿ ಈ ಸಿದ್ಧಾಂತದ ಪುಸ್ತಕ ಬಂತು. ಕಳೆದ ಶತಮಾನದ ಸಾಮಾಜಿಕ ಮನೋವಿಜ್ಞಾನದಲ್ಲಿ ಇದರಷ್ಟು ಚರ್ಚೆಯಾದ ವಿಚಾರಗಳು ಕೆಲವೇ. ಅದರ ಬೀಜ ಬಿಹಾರದ ಗಾಳಿಮಾತುಗಳಲ್ಲಿತ್ತು ಎಂಬುದನ್ನು ಫೆಸ್ಟಿಂಗರ್ ತಾನೇ ಆ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ನಮ್ಮ ಕಾಲೇಜು ಪಠ್ಯಗಳಲ್ಲಿ ಫೆಸ್ಟಿಂಗರ್ ಇರುತ್ತಾನೆ. ಜಮುನಾ ಪ್ರಸಾದರನ್ನು ನಾನು ಕಂಡದ್ದು ಅಪರೂಪ.

ಸಿದ್ಧಾಂತಕ್ಕೆ ಹೆಸರು ತಂದದ್ದು 1959ರ ಒಂದು ಪ್ರಯೋಗ. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಹನ್ನೆರಡು ದಾರದುಂಡೆಗಳನ್ನು ತಟ್ಟೆಗೆ ಜೋಡಿಸು, ಖಾಲಿ ಮಾಡು, ಮತ್ತೆ ಜೋಡಿಸು ಎಂದರು, ಅರ್ಧ ಗಂಟೆ. ಆಮೇಲೆ ಹಲಗೆಯ ಮೇಲಿನ 48 ಮರದ ಗೂಟಗಳನ್ನು ಒಂದೊಂದಾಗಿ ಕಾಲು ಸುತ್ತು ತಿರುಗಿಸು ಎಂದರು, ಇನ್ನರ್ಧ ಗಂಟೆ. ಜೀವ ರೋಸಿಹೋಗುವ ಕೆಲಸ. ಕೊನೆಗೆ, ಹೊರಗೆ ಕಾದಿರುವ ಹುಡುಗಿಗೆ ‘ಬಹಳ ಚೆನ್ನಾಗಿತ್ತು’ ಎಂದು ಸುಳ್ಳು ಹೇಳಬೇಕೆಂದು ಕೇಳಿಕೊಂಡು ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್ ಕೊಟ್ಟರು. ಆಮೇಲೆ ನಿಜ ಹೇಳಪ್ಪಾ, ಹೇಗಿತ್ತು ಎಂದು ಬೇರೆಯವರಿಂದ ಕೇಳಿಸಿದರು. ಯಾವ ಸುಳ್ಳನ್ನೂ ಹೇಳದ ಹುಡುಗರು ಕೆಲಸ ಬೇಸರದ್ದೆಂದರು. 20 ಡಾಲರ್ ಪಡೆದವರೂ ಅದರ ಆಸುಪಾಸಿನಲ್ಲೇ ಇದ್ದರು. ಒಂದು ಡಾಲರಿಗೆ ಸುಳ್ಳು ಹೇಳಿದವರು ಮಾತ್ರ ಕೆಲಸ ಪರವಾಗಿಲ್ಲ, ಚೆನ್ನಾಗಿಯೇ ಇತ್ತು ಎಂದರು! ಇಪ್ಪತ್ತು ಡಾಲರ್ ಸಿಕ್ಕವನಿಗೆ ‘ದುಡ್ಡಿಗಾಗಿ ಸುಳ್ಳಾಡಿದೆ’ ಎನ್ನಲು ಕಾರಣವಿದೆ. ಒಂದು ಡಾಲರಿಗೆ ಯಾರು ಸುಳ್ಳಾಡುತ್ತಾರೆ? ಹಾಗಾಗಿ ಹೇಳಿದ ಸುಳ್ಳನ್ನೇ ಆತ ನಿಜ ಮಾಡಿಕೊಂಡ. ಪಟ್ನಾದವರು ಭಯಕ್ಕೆ ಕಾರಣ ಹುಡುಕಿದ ಹಾಗೆಯೇ ಇದು.

ಇಷ್ಟು ಹೇಳಿ ನಿಲ್ಲಿಸಿದರೆ ಓದುಗರಿಗೆ ಮೋಸ ಮಾಡಿದಂತಾದೀತು. ಫೆಸ್ಟಿಂಗರ್‌ನ ಹೋಲಿಕೆ ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾಗಿದೆ. ಪಟ್ನಾದಲ್ಲೂ ಕಟ್ಟಡಗಳು ಬಿದ್ದಿದ್ದವು. ಭೂಕಂಪವೇ ಬೇರೆ, ಗುಡ್ಡ ಕುಸಿತವೇ ಬೇರೆ. ಭೂಕಂಪ ಮತ್ತೆ ಬಾರದೆಂದು ಯಾರು ಹೇಳಬಲ್ಲರು? ಎಷ್ಟಾದರೂ ಆತ ಬಿಹಾರವನ್ನೂ ಡಾರ್ಜಿಲಿಂಗನ್ನೂ ಕಣ್ಣಾರೆ ಕಂಡವನಲ್ಲ, ಇನ್ನೊಬ್ಬರು ಕೂಡಿಟ್ಟದ್ದನ್ನು ಓದಿ ಊಹಿಸಿದವನು. 1954ರ ಡಿಸೆಂಬರ್ 21ಕ್ಕೆ ಜಲಪ್ರಳಯವಾಗುತ್ತದೆಂದು ನಂಬಿದ್ದ ಶಿಕಾಗೋ ಬಳಿಯ ಸಣ್ಣ ಗುಂಪೊಂದರೊಳಗೆ ಆತನ ತಂಡದವರು ಭಕ್ತರ ವೇಷದಲ್ಲಿ ಸೇರಿಕೊಂಡದ್ದು ಪ್ರಸಿದ್ಧ ಕಥೆ. ಪ್ರಳಯ ಬಾರದೆ ಹೋದಾಗ ಅವರ ನಂಬಿಕೆ ಕುಗ್ಗುವ ಬದಲು ಹೆಚ್ಚಿತು, ಆಗ ಪ್ರಚಾರಕ್ಕೂ ಇಳಿದರು ಎಂದು 1956ರಲ್ಲಿ ಪುಸ್ತಕ ಬರೆದರು. ಅಂದಿನ ಕಾಗದಪತ್ರಗಳನ್ನು ಶೋಧಿಸಿ 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಕಥೆಯನ್ನು ಬುಡಮೇಲು ಮಾಡಿದೆ: ಪ್ರಚಾರ ಮೊದಲೇ ನಡೆದಿತ್ತು, ನಂತರ ಹಲವರು ನಂಬಿಕೆ ಬಿಟ್ಟಿದ್ದರು, ವೇಷ ಹಾಕಿದ್ದ ಸಂಶೋಧಕರೇ ಗುಂಪಿನ ಮಾತುಕತೆಯಲ್ಲಿ ಕೈಯಾಡಿಸಿದ್ದರು ಎಂಬುದು ಅದರ ಆರೋಪ. ಪ್ರಯೋಗಶಾಲೆಯ ಸಾಕ್ಷ್ಯವೂ ಎಲ್ಲ ಕಡೆ ಗಟ್ಟಿಯಾಗಿಲ್ಲ. ತಮಗೊಪ್ಪದ ವಿಷಯದ ಪರವಾಗಿ ಬರೆಸಿ ನೋಡುವ ಒಂದು ಬಗೆಯ ಪ್ರಯೋಗವನ್ನು ಹಲವು ದೇಶಗಳ ಪ್ರಯೋಗಶಾಲೆಗಳು ಒಟ್ಟಾಗಿ ಮತ್ತೆ ಮಾಡಿ 2024ರಲ್ಲಿ ಫಲಿತಾಂಶ ಪ್ರಕಟಿಸಿದವು. ತಾನಾಗಿ ಒಪ್ಪಿ ಬರೆದವರಿಗೂ ಹೇಳಿಸಿಕೊಂಡು ಬರೆದವರಿಗೂ ಸಿದ್ಧಾಂತ ಹೇಳುವಷ್ಟು ವ್ಯತ್ಯಾಸ ಅಲ್ಲಿ ಕಾಣಲಿಲ್ಲ. ಹಾಗಾಗಿ ಇದನ್ನು ವೇದವಾಕ್ಯವೆಂದು ತೆಗೆದುಕೊಳ್ಳಬೇಕಿಲ್ಲ. ಬಿಹಾರದ ಪಟ್ಟಿಯಿಂದ ಹುಟ್ಟಿದ ಆ ಮೊದಲ ಪ್ರಶ್ನೆ, ಭಯ ಮೊದಲೋ ಸುದ್ದಿ ಮೊದಲೋ ಎಂಬುದು, ಇಂದಿಗೂ ಕೆಲಸಕ್ಕೆ ಬರುವ ಪ್ರಶ್ನೆಯೆಂದಷ್ಟೇ ನನ್ನ ವಾದ.

ನಮ್ಮಲ್ಲೇ ನೋಡಿ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದನ್ನು ನಡುವಯಸ್ಸಿನವರೆಲ್ಲ ಕಂಡಿದ್ದಾರೆ. ರಾತ್ರಿ ಹೊತ್ತು ಪರಿಚಯದವರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ ಎಂದು ನಂಬಿಕೆ. ಮರುದಿನ ಬಂದರೂ ‘ನಾಳೆ ಬಾ’ ಎಂದೇ ಇರುತ್ತದಲ್ಲ! ಈ ಸುದ್ದಿಯಿಂದ ಯಾರಿಗೂ ಪೆಟ್ಟಾಗಲಿಲ್ಲ. ಭಯದ ಜೊತೆಗೆ ಅದಕ್ಕೊಂದು ಮದ್ದನ್ನೂ, ಅದೂ ಒಂದು ತುಂಡು ಸೀಮೆಸುಣ್ಣದಷ್ಟು ಅಗ್ಗದ ಮದ್ದನ್ನು, ಅದೇ ಹೊತ್ತು ತಂದಿತ್ತು. ಎಲ್ಲ ವದಂತಿಗಳೂ ಇಷ್ಟು ಸಾಧುವಲ್ಲ.

2012ರ ಆಗಸ್ಟ್ 15ರ ಸಂಜೆ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಈಶಾನ್ಯ ರಾಜ್ಯಗಳಿಂದ ಬಂದು ಇಲ್ಲಿ ಓದುತ್ತಿದ್ದ, ಹೋಟೆಲು, ಕಾವಲು, ಬ್ಯೂಟಿ ಪಾರ್ಲರುಗಳಲ್ಲಿ ದುಡಿಯುತ್ತಿದ್ದ ಹುಡುಗ ಹುಡುಗಿಯರು ಕೈಗೆ ಸಿಕ್ಕ ಚೀಲ ಹಿಡಿದು ಗುವಾಹಟಿಯ ರೈಲಿಗೆ ಮುಗಿಬಿದ್ದಿದ್ದರು. ರಂಜಾನ್ ಮುಗಿಯುವುದರೊಳಗೆ ನಿಮ್ಮವರ ಮೇಲೆ ದಾಳಿಯಾಗುತ್ತದೆ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದ್ದವು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಊರು ಬಿಟ್ಟರು. ರಾಜ್ಯದ ಗೃಹಸಚಿವರೇ ನಿಲ್ದಾಣಕ್ಕೆ ಬಂದು, ಹೋಗಬೇಡಿ, ನಾವಿದ್ದೇವೆ ಎಂದು ಕೇಳಿಕೊಂಡರು. ಅದೇ ಹೊತ್ತಿಗೆ ರೈಲ್ವೆ ಇಲಾಖೆ ವಿಶೇಷ ರೈಲುಗಳನ್ನೂ ಬಿಟ್ಟಿತು. ನೂಕುನುಗ್ಗಲಿಗೆ ಬೇರೆ ದಾರಿ ಇರಲಿಲ್ಲ, ಒಪ್ಪೋಣ. ಆದರೆ ಬಿಟಿಎಂ ಬಡಾವಣೆಯ ಕೋಣೆಯಲ್ಲಿ ಹೋಗಲೋ ಬೇಡವೋ ಎಂದು ಕುಳಿತ ಹುಡುಗನ ಜಾಗದಲ್ಲಿ ನಿಂತು ನೋಡಿ. ಏನೂ ಇಲ್ಲವೆಂದರೆ ಸರಕಾರ ವಿಶೇಷ ರೈಲು ಏಕೆ ಬಿಡುತ್ತದೆ?

ಅಂದು ಪತ್ರಿಕೆಗಳಲ್ಲಿ ವದಂತಿಕೋರರನ್ನು ಬೈದು ಬರೆದವರು ಬಹಳ; ಬೈಸಿಕೊಳ್ಳಬೇಕಾದವರೇ ಅವರು. ಮೊಬೈಲ್ ಸಂದೇಶಗಳನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಜನರಿಗೆ ಕಳಿಸದಂತೆ ಕೇಂದ್ರ ಸರಕಾರ ಕೆಲ ದಿನ ಕಟ್ಟು ಹಾಕಿತು. ಆದರೆ ಆ ಸಂದೇಶ ಬೆಂಗಳೂರಿನ ಉಳಿದ ಲಕ್ಷಾಂತರ ಜನರನ್ನು ಏಕೆ ಓಡಿಸಲಿಲ್ಲ ಎಂದು ಕೇಳಿಕೊಂಡರೆ ವಿಷಯ ಬೇರೆಯಾಗಿ ಕಾಣುತ್ತದೆ. ಜುಲೈ ತಿಂಗಳಲ್ಲಿ ಅಸ್ಸಾಮಿನ ಕೋಕ್ರಝಾರ್ ಹೊತ್ತಿ ಉರಿದಿತ್ತು. ಮನೆಯಿಂದ ಅಪ್ಪ ಅಮ್ಮ ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಿದ್ದರು. ಮುಖ ನೋಡಿ ‘ಯಾವ ದೇಶ ನಿಮ್ಮದು’ ಎಂದು ಕೇಳಿಸಿಕೊಳ್ಳುವುದು, ಮನೆ ಬಾಡಿಗೆಗೆ ಇಲ್ಲ ಎನ್ನಿಸಿಕೊಳ್ಳುವುದು ಈ ಮಕ್ಕಳಿಗೆ ಆಗಸ್ಟ್ ತಿಂಗಳಲ್ಲಿ ಶುರುವಾದದ್ದಲ್ಲ. ಇಷ್ಟು ದಿನ ಒಳಗೊಳಗೇ ಇದ್ದ ಅಳುಕಿಗೆ ಆ ಸಂದೇಶ ತಾರೀಖು ಹಾಕಿಕೊಟ್ಟಿತು. ಸಚಿವರು ಸಂದೇಶ ಸುಳ್ಳೆಂದರು. ಸುಳ್ಳೇ ಆಗಿತ್ತು. ಅಳುಕಿನ ಬಗ್ಗೆ ಮಾತ್ರ ಯಾರೂ ಹೆಚ್ಚು ಮಾತಾಡಲಿಲ್ಲ.

ಆರು ವರ್ಷದ ನಂತರ ಬಂದ ಮಕ್ಕಳ ಕಳ್ಳರ ವದಂತಿ ಇದಕ್ಕಿಂತ ಕ್ರೂರವಾದದ್ದು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಒಂದು ದೇಶದಲ್ಲೆಲ್ಲ ಸುತ್ತಿತು. ಅಸಲಿಗೆ ಅದು ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಕರಾಚಿಯಲ್ಲಿ ತೆಗೆದ ಜಾಹೀರಾತು. ಮಗುವನ್ನು ಹಿಂದಕ್ಕೆ ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. 2018ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಗುಂಪು ಬಡಿದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟ ಗೆಳೆಯರ ಕಾರನ್ನು ಜನ ಅಡ್ಡಗಟ್ಟಿದರು. 32 ವರ್ಷದ ಇಂಜಿನಿಯರ್ ಒಬ್ಬರು ಸತ್ತರು. ಅವರಿಗಿಂತ ಮೊದಲೇ ಅವರ ಸುದ್ದಿ ವಾಟ್ಸಾಪಿನಲ್ಲಿ ಮುಂದಿನ ಊರು ತಲುಪಿತ್ತು. ಆ ತಿಂಗಳೇ ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂದು ಮಿತಿ ಹಾಕಿತು. 2012ರಲ್ಲೂ ಐದು, 2018ರಲ್ಲೂ ಐದು. ಎರಡು ಸಲವೂ ನಮಗೆ ಹೊಳೆದ ಉಪಾಯ ಒಂದೇ.

ಸುದ್ದಿಯನ್ನು ಸುಳ್ಳೆಂದು ಸಾರಿದರೆ ಸಾಕು ಎಂಬ ನಂಬಿಕೆ ನಮ್ಮ ಆಡಳಿತದಲ್ಲಿ ಬಹಳ ಹಳೆಯದು. ‘ಗಾಳಿಸುದ್ದಿಗೆ ಕಿವಿಗೊಡಬೇಡಿ’ ಎಂಬ ಪ್ರಕಟಣೆಯನ್ನು ನಾವೆಲ್ಲ ಓದಿಯೇ ಬೆಳೆದವರು. ತ್ರಿಪುರಾದಲ್ಲಿ ಅದೇ 2018ರ ಜೂನ್ ತಿಂಗಳ ಕೊನೆಗೆ ಸರಕಾರ ಒಬ್ಬಾತನನ್ನು ದಿನಗೂಲಿಗೆ ನೇಮಿಸಿ, ಧ್ವನಿವರ್ಧಕ ಕೊಟ್ಟು, ಮಕ್ಕಳ ಕಳ್ಳರ ಸುದ್ದಿ ಸುಳ್ಳು ಎಂದು ಹಳ್ಳಿಗಳಲ್ಲಿ ಸಾರಲು ಕಳಿಸಿತ್ತು. ಅವನನ್ನೇ ಮಕ್ಕಳ ಕಳ್ಳನೆಂದು ಹೊಡೆದು ಕೊಂದರು.

ಇದೇ ವರ್ಷದ ಇನ್ನೊಂದು ಪ್ರಸಂಗ ನಮ್ಮ ರಾಯಚೂರಿನ ಪಕ್ಕದ್ದೇ, ಗಡಿಯಾಚೆಯ ತೆಲಂಗಾಣದ್ದು. ಗದ್ವಾಲ ಮತ್ತು ವನಪರ್ತಿ ಜಿಲ್ಲೆಗಳ ಪೊಲೀಸ್ ವರಿಷ್ಠಾಧಿಕಾರಿಯಾಗಿದ್ದವರು ರೆಮಾ ರಾಜೇಶ್ವರಿ. ನಾನೂರಕ್ಕೂ ಹೆಚ್ಚು ಹಳ್ಳಿಗಳು ಅವರ ಉಸ್ತುವಾರಿಯಲ್ಲಿದ್ದವು. ಹಳ್ಳಿಗೊಬ್ಬ ಪೇದೆಯನ್ನು ನೇಮಿಸಿ, ಆಗಾಗ ಹೋಗಿ ಜನರ ಜೊತೆ ಕೂತು ಮಾತಾಡಿ ಬರುವ ಏರ್ಪಾಡು ಮಾಡಿದ್ದರು. ಆ ಬೇಸಿಗೆಯಲ್ಲಿ ಪೇದೆಗಳು ಒಂದು ಸಣ್ಣ ಸಂಗತಿ ಗಮನಿಸಿ ಬಂದು ಹೇಳಿದರು. ಆ ಸೀಮೆಯ ಬಿಸಿಲು ಬಲ್ಲವರಿಗೆ ಗೊತ್ತು, ಅಲ್ಲಿ ಬೇಸಿಗೆಯ ರಾತ್ರಿ ಜನ ಮಲಗುವುದು ಅಂಗಳದಲ್ಲಿ. ಆ ವರ್ಷ ಅಂಗಳಗಳು ಬರಿದಾಗಿದ್ದವು. ಜನ ದೀಪ ಆರಿಸಿ, ಬಾಗಿಲು ಹಾಕಿಕೊಂಡು, ಆ ಸೆಕೆಯಲ್ಲೂ ಒಳಗೇ ಮಲಗುತ್ತಿದ್ದರು. ಯಾಕೆ ಎಂದು ಕೇಳುತ್ತ ಹೋದಾಗ ವಿಡಿಯೊಗಳು, ಕಳ್ಳರ ಗ್ಯಾಂಗಿನ ಸಂದೇಶಗಳು ಒಂದೊಂದಾಗಿ ಹೊರಬಂದವು.

ಸುದ್ದಿ ಭಯ ಹುಟ್ಟಿಸಿತೋ, ಭಯ ಸುದ್ದಿಯನ್ನು ಬರಮಾಡಿಕೊಂಡಿತೋ, ಗದ್ವಾಲದಲ್ಲಿ ಬಿಡಿಸಿ ಹೇಳುವುದು ಕಷ್ಟ. ಎರಡೂ ಒಂದನ್ನೊಂದು ಸಾಕುತ್ತವೆ. ಆದರೆ ಪೊಲೀಸರಿಗೆ ಮೊದಲು ಕಂಡದ್ದು ಬರಿದಾದ ಅಂಗಳ, ವಿಡಿಯೊ ಅಲ್ಲ. ಅವರು ಆಮೇಲೆ ಮಾಡಿದ್ದು ಪ್ರಕಟಣೆ ಹೊರಡಿಸಿದ್ದಲ್ಲ. ಡಂಗುರದವರನ್ನೂ ಜಾನಪದ ಹಾಡುಗಾರರನ್ನೂ ಕರೆದುಕೊಂಡು ಊರೂರಿಗೆ ಹೋದರು. ಹಾಡಿನಲ್ಲೇ ಸುಳ್ಳುಸುದ್ದಿಯ ಕಥೆ ಹೇಳಿಸಿದರು. ಊರಿನ ವಾಟ್ಸಾಪ್ ಗುಂಪುಗಳಿಗೆ ಆ ಊರಿನ ಪೇದೆಯನ್ನು ಸೇರಿಸಿದರು. ಅನುಮಾನ ಬಂದರೆ ಫೋನು ಮಾಡಲು ಪರಿಚಯದ ಒಬ್ಬ ಮನುಷ್ಯ ಜನರಿಗೆ ಸಿಕ್ಕಿದ. ಸುತ್ತಲ ಸೀಮೆಯಲ್ಲೆಲ್ಲ ಕೊಲೆಗಳ ಸುದ್ದಿ ಬರುತ್ತಿದ್ದ ಆ ವರ್ಷ, ಅವರ ಎರಡು ಜಿಲ್ಲೆಗಳಲ್ಲಿ ಈ ವದಂತಿಗೆ ಒಂದು ಜೀವವೂ ಹೋಗಲಿಲ್ಲ.